ಬಿಲ್ಲು ಬಾಡಿಗೆದಾರರದು, ಗೋಡೆ ಮಾಲೀಕರದು

ಬ್ರಿಟನ್ನಿನಲ್ಲಿ ಅಕ್ಟೋಬರ್ ತಿಂಗಳು ಕಳೆಯುತ್ತಿದ್ದಂತೆ, ಹೊಸದಾಗಿ ಬಂದ ಕನ್ನಡ ಕುಟುಂಬಗಳ ಮಾತುಕತೆಯಲ್ಲಿ ಊರಿನ ಸುದ್ದಿಗಿಂತ ಕರೆಂಟ್ ಬಿಲ್ಲಿನ ಸುದ್ದಿ ಮುಂದಾಗುತ್ತದೆ. ಗ್ಯಾಸ್ ಸಂಪರ್ಕವೇ ಇಲ್ಲದ ಬಾಡಿಗೆ ಫ್ಲ್ಯಾಟಿನಲ್ಲಿ ಅಡುಗೆ, ಸ್ನಾನದ ನೀರು, ಕೋಣೆಯ ಶಾಖ ಎಲ್ಲವೂ ಒಂದೇ ಮೀಟರಿನ ಮೂಲಕ ಬರಬೇಕು. ಬೇಸಿಗೆಯಲ್ಲಿ ಮನೆ ನೋಡಿ ಕರಾರಿಗೆ ಸಹಿ ಹಾಕಿದವರಿಗೆ ಡಿಸೆಂಬರಿನ ಬಿಲ್ಲು ಎರಡನೆಯ ಬಾಡಿಗೆಯಂತೆ ಕಾಣುತ್ತದೆ. ಆಗ ಎಲ್ಲ ಕಡೆಯಿಂದಲೂ ಉಪದೇಶ ಹರಿದುಬರುತ್ತದೆ: ದಪ್ಪ ಸ್ವೆಟರ್ ಹಾಕಿ, ಬೇಗ ಸ್ನಾನ ಮುಗಿಸಿ, ಎರಡು ದಿನದ ಸಾರು ಒಮ್ಮೆಗೇ ಮಾಡಿಡಿ. ಈ ಉಪದೇಶದಲ್ಲಿ ತಪ್ಪೇನಿಲ್ಲ. ಆದರೆ ಬಿಲ್ಲಿನ ದೊಡ್ಡ ಪಾಲನ್ನು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಮೊದಲು ಲೆಕ್ಕ. ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2025ರಲ್ಲಿ ನಿಗದಿಪಡಿಸಿದ ಗರಿಷ್ಠ ದರಗಳ ಪ್ರಕಾರ ಒಂದು ಯುನಿಟ್ ವಿದ್ಯುತ್ತಿಗೆ ಸರಾಸರಿ 25ರಿಂದ 27 ಪೆನ್ಸ್. ಅಷ್ಟೇ ಶಕ್ತಿ ನೀಡುವ ಗ್ಯಾಸಿಗೆ 6ರಿಂದ 7 ಪೆನ್ಸ್. ಅಂದರೆ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಎರಡು ಕಿಲೋವ್ಯಾಟಿನ ಹೀಟರ್ ಸಂಜೆ ಐದು ಗಂಟೆ ಬಿಡುವಿಲ್ಲದೆ ನಡೆದರೆ 10 ಯುನಿಟ್, ಅಂದರೆ ಎರಡೂವರೆ ಪೌಂಡಿನಷ್ಟು ಖರ್ಚು. ಒಂದು ದೀಪವನ್ನೂ ಹಚ್ಚದ ದಿನವೂ ತೆರಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ 50 ಪೆನ್ಸಿಗೂ ಹೆಚ್ಚು. ಪರಿಸರ ಮತ್ತು ಸಮಾಜ ಕಲ್ಯಾಣದ ಯೋಜನೆಗಳ ವೆಚ್ಚವನ್ನು ಗ್ಯಾಸಿಗಿಂತ ವಿದ್ಯುತ್ತಿನ ಮೇಲೆಯೇ ಹೆಚ್ಚಾಗಿ ಹೇರುತ್ತ ಬಂದದ್ದು ಈ ಅಂತರಕ್ಕೆ ಒಂದು ಕಾರಣ. ಹೊಗೆಯಿಲ್ಲದ ನಾಳೆಗಾಗಿ ವಿಧಿಸಿದ ಈ ಹೊರೆ, ಗ್ಯಾಸನ್ನೇ ಉರಿಸದ ಮನೆಯವರ ಹೆಗಲಿಗೆ ಹೆಚ್ಚು ಭಾರವಾಗಿ ಬಿದ್ದಿದೆ.

ಜಾಹೀರಾತುಗಳು ಮಿತವ್ಯಯದ ಹೊಸ ಹೀಟರ್ ಕೊಳ್ಳಿರೆಂದು ಕರೆಯುತ್ತವೆ. ಆದರೆ ವಿದ್ಯುತ್ತನ್ನು ನೇರವಾಗಿ ಶಾಖವಾಗಿಸುವ ಯಾವುದೇ ಹೀಟರ್, ಇಪ್ಪತ್ತು ಪೌಂಡಿನದಿರಲಿ ಇನ್ನೂರು ಪೌಂಡಿನದಿರಲಿ, ಒಂದು ಯುನಿಟ್ಟಿಗೆ ಒಂದು ಯುನಿಟ್ ಶಾಖವನ್ನಷ್ಟೇ ಕೊಡಬಲ್ಲದು. ಹೊರಗಿನ ಗಾಳಿಯಿಂದ ಶಾಖ ಸೆಳೆಯುವ ಹೀಟ್ ಪಂಪ್ ಒಂದು ಯುನಿಟ್ ಬಳಸಿ ಸುಮಾರು ಮೂರು ಯುನಿಟ್ ಶಾಖ ಒದಗಿಸುತ್ತದೆ. ಅದನ್ನು ಅಳವಡಿಸುವ ಅಧಿಕಾರ ಬಾಡಿಗೆದಾರರಿಗಿಲ್ಲ. ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸುವ, ಒಂಟಿ ಗಾಜಿನ ಕಿಟಕಿಯನ್ನು ಬದಲಿಸುವ ಅಧಿಕಾರವೂ ಇಲ್ಲ. ಆ ಅಧಿಕಾರವುಳ್ಳ ಮಾಲೀಕರಿಗೆ ಬಿಲ್ಲಿನ ಬಿಸಿ ತಟ್ಟುವುದಿಲ್ಲ. ನಿರ್ಧಾರ ಒಬ್ಬರದು, ದಂಡ ಇನ್ನೊಬ್ಬರದು ಎಂಬ ಈ ಏರ್ಪಾಡೇ ಸಮಸ್ಯೆಯ ಬೇರು.

ಬೇರು ಅಲ್ಲಿದೆಯೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಇರುವ ಮಿತಿಯಲ್ಲೂ ಬಾಡಿಗೆದಾರರ ಕೈಯಲ್ಲಿ ಕೆಲವು ಸಂಗತಿಗಳಿವೆ. ಮನೆಗೆ ಕಾಲಿಟ್ಟ ದಿನವೇ ಮೀಟರಿನ ಅಂಕಿಯ ಚಿತ್ರ ತೆಗೆದಿಟ್ಟುಕೊಂಡರೆ ಹಿಂದಿನವರ ಬಾಕಿ ತಲೆಗೆ ಬರದು. ಇಟ್ಟಿಗೆ ತುಂಬಿದ ಸ್ಟೋರೇಜ್ ಹೀಟರ್ ಇದ್ದರೆ, ರಾತ್ರಿಯ ಏಳು ಗಂಟೆಗಳ ಅಗ್ಗದ ದರ ನೀಡುವ ‘ಇಕಾನಮಿ 7’ ಬಗೆಯ ಯೋಜನೆ ಮನೆಗೆ ಅನ್ವಯಿಸಿದೆಯೇ ಎಂದು ನೋಡಬೇಕು. ಒಂದೇ ದರದ ಯೋಜನೆಯಲ್ಲಿ ಆ ಹೀಟರ್ ಇದ್ದೂ ವ್ಯರ್ಥ. ರಾತ್ರಿ ಎಷ್ಟು ಶಾಖ ತುಂಬಬೇಕು, ಹಗಲು ಎಷ್ಟು ಹೊರಬಿಡಬೇಕು ಎಂಬುದಕ್ಕೆ ಅದರಲ್ಲಿ ಎರಡು ಬೇರೆ ತಿರುಗುಣಿಗಳಿರುತ್ತವೆ. ಇದನ್ನು ಯಾರೂ ಹೇಳಿಕೊಡದ ಕಾರಣ ಎಷ್ಟೋ ಮನೆಗಳಲ್ಲಿ ಮಧ್ಯರಾತ್ರಿ ಕೋಣೆ ಕಾಯುತ್ತದೆ, ಸಂಜೆಗೆ ತಣ್ಣಗಾಗಿರುತ್ತದೆ. ನೀರಿನ ತೊಟ್ಟಿಯ ಹೀಟರನ್ನೂ ಅಗ್ಗದ ವೇಳೆಗೆ ಹೊಂದಿಸಬಹುದು. ಆದರೆ ಉಳಿತಾಯಕ್ಕೆಂದು ಶೇಖರಿಸಿದ ನೀರಿನ ಉಷ್ಣತೆಯನ್ನು 60 ಡಿಗ್ರಿಗಿಂತ ಇಳಿಸಿದರೆ ರೋಗಾಣುಗಳು ಬೆಳೆಯುವ ಅಪಾಯವಿದೆ.

ಹಕ್ಕುಗಳೂ ಇವೆ. ಬಿಲ್ಲು ಬಾಡಿಗೆದಾರರ ಹೆಸರಿನಲ್ಲಿದ್ದರೆ ಕಂಪನಿಯನ್ನು ಬದಲಿಸುವ ಆಯ್ಕೆ ಅವರದೇ. ಮಾಲೀಕರೇ ವಿದ್ಯುತ್ ಕೊಂಡು ಬಾಡಿಗೆದಾರರಿಗೆ ಮಾರುವುದಾದರೆ ತಾವು ತೆತ್ತ ದರಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಕ್ತಿ ದಕ್ಷತೆಯ ಪ್ರಮಾಣಪತ್ರದಲ್ಲಿ ‘ಇ’ಗಿಂತ ಕೆಳಗಿರುವ ಮನೆಯನ್ನು ಬಾಡಿಗೆಗೆ ಕೊಡುವುದು, ಕೆಲವು ವಿನಾಯಿತಿಗಳ ಹೊರತು, 2020ರ ಏಪ್ರಿಲ್‌ನಿಂದ ಕಾನೂನುಬಾಹಿರ. ಕರಾರಿಗೆ ಸಹಿ ಹಾಕುವ ಮುನ್ನ ಆ ಪತ್ರವನ್ನು ಓದುವವರು ವಿರಳ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಚಳಿ ದೇಹಕ್ಕೆ ತಗಲುತ್ತದೆ. ಹೀಟರ್ ಹಚ್ಚಲು ಅಂಜಿದ ಮನೆಯ ತಣ್ಣನೆಯ ಗೋಡೆಯ ಮೇಲೆ ಉಸಿರು ಮತ್ತು ಅಡುಗೆಯ ಹಬೆ ನೀರಾಗಿ ಕೂರುತ್ತದೆ, ಬೂಷ್ಟು ಬೆಳೆಯುತ್ತದೆ. ರಾಚ್‌ಡೇಲಿನ ಫ್ಲ್ಯಾಟೊಂದರಲ್ಲಿ 2020ರ ಡಿಸೆಂಬರಿನಲ್ಲಿ ತೀರಿಕೊಂಡ ಎರಡು ವರ್ಷದ ಮಗು ಅವಾಬ್ ಇಷಾಕ್‌ನ ಸಾವಿಗೆ ಬೂಷ್ಟೇ ಕಾರಣವೆಂದು 2022ರ ವಿಚಾರಣೆ ಹೇಳಿತು. ಆ ಮನೆಯಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಲದಾಗಿತ್ತು. ತಂದೆತಾಯಿ ಸುಡಾನಿನಿಂದ ಬಂದವರು. ಅವರ ದೂರಿಗೆ ಕಿವಿಗೊಡಬೇಕಾದವರು ದೋಷವನ್ನು ಅವರ ಜೀವನಶೈಲಿಯಲ್ಲಿ ಹುಡುಕಿದ್ದರು. ಕುಕ್ಕರಿನ ಹಬೆಯ ಬಗ್ಗೆ, ದಿನದ ಸ್ನಾನದ ಬಗ್ಗೆ ಟೀಕೆ ಕೇಳಿರುವ ದಕ್ಷಿಣ ಏಷ್ಯಾದ ಯಾವ ಬಾಡಿಗೆದಾರರಿಗೂ ಈ ವಾದ ಹೊಸದಲ್ಲ.

ನೆರವಿನ ಬಾಗಿಲೂ ಎಲ್ಲರಿಗೂ ತೆರೆದಿಲ್ಲ. ಬಿಲ್ಲಿನಲ್ಲಿ 150 ಪೌಂಡ್ ಕಡಿತ ನೀಡುವ ‘ವಾರ್ಮ್ ಹೋಮ್ ಡಿಸ್ಕೌಂಟ್’ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆದಾಯಾಧಾರಿತ ಸರ್ಕಾರಿ ಭತ್ಯೆ ಪಡೆಯುವವರಿಗೆ ಸಲ್ಲುತ್ತದೆ. ವಿದ್ಯಾರ್ಥಿ ವೀಸಾ, ಉದ್ಯೋಗ ವೀಸಾ, ಆರೈಕೆ ಕೆಲಸದ ವೀಸಾದಲ್ಲಿ ಬಂದವರಿಗೆ ಆ ಭತ್ಯೆಗಳೇ ನಿಷಿದ್ಧ. ವೃದ್ಧರನ್ನು ಬೆಚ್ಚಗಿಡುವ ದುಡಿಮೆಗಾಗಿ ಕರೆಸಿಕೊಂಡ ಆರೈಕೆಗಾರ್ತಿ ತೆರಿಗೆ ಕಟ್ಟುತ್ತಾಳೆ, ತಾನು ಮಾತ್ರ ತಣ್ಣನೆಯ ಕೋಣೆಯಲ್ಲಿ ಮಲಗುತ್ತಾಳೆ.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯುನಿಟ್‌ವರೆಗಿನ ಮಿತಿಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡ 10ನ್ನು ಸೇರಿಸಿ, ಬಿಲ್ಲು ಮನ್ನಾ ಮಾಡಿತು. ಅದರ ಖರ್ಚಿನ ಬಗ್ಗೆ ಚರ್ಚೆ ಇದೆ, ಇರಬೇಕು. ಆದರೆ ಬಾಡಿಗೆ ಮನೆಯವರನ್ನೂ ಫಲಾನುಭವಿಗಳೆಂದು ಎಣಿಸಿದ್ದು ಅದರ ದೊಡ್ಡ ಗುಣ. ಬ್ರಿಟನ್ನಿನ ಚಳಿಗೆ ಅದೇ 200 ಯುನಿಟ್ ಒಂದು ಹೀಟರಿನ ಇಪ್ಪತ್ತು ಸಂಜೆಗಳಿಗೆ ಮುಗಿದುಹೋಗುತ್ತದೆ. ಅಳತೆ ಬೇರೆಯಾದರೂ ತತ್ತ್ವ ಒಂದೇ: ಮನೆಯ ಒಡೆತನವಿಲ್ಲದವರಿಗೂ ಬೆಳಕು ಮತ್ತು ಬೆಚ್ಚನೆಯ ಹಕ್ಕಿದೆ.

ಇಂಗ್ಲೆಂಡಿನಲ್ಲಿ ಕಾರಣವಿಲ್ಲದೆ ಮನೆ ಬಿಡಿಸುವ ಅವಕಾಶವನ್ನು ರದ್ದುಪಡಿಸುವ ಬಾಡಿಗೆದಾರರ ಹಕ್ಕುಗಳ ಕಾಯಿದೆ 2025ರಲ್ಲಿ ಅಂಗೀಕಾರವಾಗಿದೆ. ದೂರು ಕೊಟ್ಟರೆ ಬೀದಿಪಾಲಾಗುವ ಭಯ ಇದರಿಂದ ತಗ್ಗಬಹುದು. ಭಯ ತಗ್ಗಿದಾಗ ದೂರುಗಳೂ ಸಂಘಟಿತವಾಗಬೇಕು. ಕನಿಷ್ಠ ದಕ್ಷತೆಯ ಮಟ್ಟವನ್ನು ‘ಸಿ’ಗೆ ಏರಿಸಬೇಕು, ಆ ವೆಚ್ಚ ಬಾಡಿಗೆಯ ರೂಪದಲ್ಲಿ ಮರಳಿ ಬಾರದಂತೆ ತಡೆಯಬೇಕು, ಚಳಿಗಾಲದ ನೆರವನ್ನು ವೀಸಾದ ಬಣ್ಣ ನೋಡದೆ ಕೊಡಬೇಕು ಎಂಬ ಬೇಡಿಕೆಗಳಿಗೆ ಕನ್ನಡ ಸಂಘಗಳ ದನಿಯೂ ಕೂಡಬೇಕು. ರಾಜ್ಯೋತ್ಸವ ಬರುವುದು ಚಳಿಗಾಲದ ಬಾಗಿಲಲ್ಲೇ. ಹಾಡು, ನೃತ್ಯ, ಊಟದ ನಡುವೆ ಅರ್ಧ ಗಂಟೆ ಬಿಡುವು ಮಾಡಿ, ಹೊಸಬರಿಗೆ ಮೀಟರ್ ಓದುವುದನ್ನು, ಕರಾರು ಓದುವುದನ್ನು, ಸ್ಥಳೀಯ ಬಾಡಿಗೆದಾರರ ಸಂಘದ ಬಾಗಿಲು ತಟ್ಟುವುದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ, ಆ ಉತ್ಸವದ ಬಿಸಿ ಫೆಬ್ರವರಿಯವರೆಗೂ ಉಳಿದೀತು.