ತಂಪನ್ನು ಕಟ್ಟಿದವರಿಗೆ ಹಾರ

ಕಳೆದ ತಿಂಗಳು ನಮ್ಮ ಪಟ್ಟಣದ ವರ್ತಕ ಸಂಸ್ಥೆಯೊಂದು ತನ್ನ ನೂತನ ಕಚೇರಿಯ ಪ್ರಾರಂಭೋತ್ಸವಕ್ಕೆ ನಮ್ಮನ್ನೂ ಆಹ್ವಾನಿಸಿದ್ದಿತು. ನಾಲ್ಕು ಮಹಡಿಯ ಕಟ್ಟಡ. ಪಶ್ಚಿಮದ ಮುಖವೆಲ್ಲ ಅಡಿಯಿಂದ ಮುಡಿಯವರೆಗೆ ಗಾಜು. ನಕ್ಷೆಯನ್ನು ರಚಿಸಿದ ಮಹಾಶಯರಿಗೆ ಹಾರ, ಶಾಲು, ಹಣ್ಣಿನ ತಟ್ಟೆಗಳಿಂದ ಸನ್ಮಾನವಾಯಿತು. ಅನಂತರ ನಾವು ಒಳಗನ್ನು ನೋಡಲು ಹೋದೆವು. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಬಿಸಿಲನ್ನು ತಾಳಲಾರದೆ ಗಾಜಿಗೆಲ್ಲ ಪರದೆ ಎಳೆದಿದ್ದರು; ಪರದೆ ಎಳೆದುದರಿಂದ ಕತ್ತಲೆಯಾಗಿ ದೀಪ ಹಚ್ಚಿದ್ದರು; ಬಿಸಿಲಿನ ಕಾವೂ ದೀಪದ ಕಾವೂ ಸೇರಿದುದರಿಂದ ತಂಪು ಮಾಡುವ ಯಂತ್ರಗಳು ಬೊಬ್ಬಿಡುತ್ತಿದ್ದವು. ಯಂತ್ರದ ಬಾಯಿಗೆ ನೇರವಾಗಿ ಕುಳಿತಿದ್ದ ವೃದ್ಧ ಗುಮಾಸ್ತರೊಬ್ಬರು ಕೊರಳಿಗೆ ಮಫ್ಲರು ಸುತ್ತಿಕೊಂಡು ಲೆಕ್ಕ ನೋಡುತ್ತಿದ್ದರು.

ವಾಚಕರೇ, ಆ ಹಾರವು ಯಾವುದಕ್ಕೆ ಸಂದಿತು? ಕಣ್ಣಿಗೆ ಹೊಳೆಯುವ ಗಾಜಿಗೆ. ಪಶ್ಚಿಮಕ್ಕೆ ಗಾಜು ಬೇಡವೆಂದು ಧನಿಗಳೊಡನೆ ವಾದಿಸಿ, ಗೋಡೆಯನ್ನು ದಪ್ಪನಾಗಿಸಿ, ಗಾಳಿಯ ಹಾದಿಯನ್ನು ಲೆಕ್ಕ ಹಾಕಿ, ವಿದ್ಯುಚ್ಛಕ್ತಿಯ ಬಿಲ್ಲನ್ನು ಅರ್ಧಕ್ಕಿಳಿಸುವ ವಾಸ್ತುಶಿಲ್ಪಿಯ ಕೆಲಸದಲ್ಲಿ ನೋಡುವವರಿಗೆ ಕಾಣುವಂಥದು ಏನಿರುವುದು? ಇಲ್ಲದ ಯಂತ್ರವನ್ನು ಯಾರು ತೋರಿಸಬಲ್ಲರು?

ಹಾಗೆಂದು ಇಂಥವರಿಗೆ ಎಲ್ಲಿಯೂ ಮನ್ನಣೆ ದೊರೆತಿಲ್ಲವೆಂದಲ್ಲ. ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದ ರಾಜಧಾನಿ ಹರಾರೆಯಲ್ಲಿ ಈಸ್ಟ್‌ಗೇಟ್ ಎಂಬ ಅಂಗಡಿ ಕಚೇರಿಗಳ ಭವನವಿರುವುದು. ಅದು 1996ರಲ್ಲಿ ಪೂರ್ಣಗೊಂಡಿತು. ಅದನ್ನು ರಚಿಸಿದವರು ಆ ದೇಶದ ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಹೊರದೇಶದಿಂದ ದುಬಾರಿಯ ತಂಪು ಯಂತ್ರಗಳನ್ನು ತರಿಸದೆಯೇ ಒಳಗೆ ಜನರು ಸುಖವಾಗಿರುವಂತೆ ಕಟ್ಟಬೇಕೆಂಬುದು ಅವರ ಮುಂದಿದ್ದ ಪ್ರಶ್ನೆ. ಅವರು ನೋಡಿದ್ದು ಗೆದ್ದಲಿನ ಹುತ್ತವನ್ನು.

ಭವನವೆಂದರೆ ಒಂಬತ್ತೊಂಬತ್ತು ಮಹಡಿಯ ಎರಡು ಸಾಲುಗಳು. ನಡುವೆ ಗಾಜಿನ ಮಾಡಿನ ಕೆಳಗೆ ಗಾಳಿಯಾಡುವ ಅಂಗಳ. ನಮ್ಮ ತೊಟ್ಟಿಮನೆಯನ್ನು ಉದ್ದಕ್ಕೆ ಎಳೆದಂತೆ ಎಂದು ತಿಳಿದರಾಗುವುದು. ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಹಗಲು ಎಷ್ಟೇ ಕಾದರೂ ರಾತ್ರಿ ತಂಪಾಗುವುದು. ಇರುಳಿನಲ್ಲಿ ಫ್ಯಾನುಗಳು ಈ ತಣ್ಣನೆಯ ಗಾಳಿಯನ್ನು ಸೆಳೆದು ನೆಲದೊಳಗಿನ ಪೊಳ್ಳುಗಳಲ್ಲಿ ಹಾಯಿಸುವುವು, ಕಾಂಕ್ರೀಟೆಲ್ಲ ತಣಿಯುವುದು. ಹಗಲಿನಲ್ಲಿ ಗಾಳಿಯು ಅದೇ ಹಾದಿಯಲ್ಲಿ ಬಂದು, ತಣಿದ ಕಾಂಕ್ರೀಟಿಗೆ ತನ್ನ ಕಾವನ್ನು ಬಿಟ್ಟುಕೊಟ್ಟು ಕೋಣೆಗಳಿಗೆ ಏಳುವುದು. ಅಲ್ಲಿ ಬಿಸಿಯಾದ ಗಾಳಿ ಮಾಡಿನ ಮೇಲಿನ 48 ಇಟ್ಟಿಗೆಯ ಚಿಮಣಿಗಳಿಂದ ಹೊರಬೀಳುವುದು. ಬೆಳಗಿನ ಜಾವ ಜಗಲಿಯ ಕಲ್ಲಿನ ಮೇಲೆ ಕುಳಿತವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿಗಳು ಸಣ್ಣವು, ಅವುಗಳ ಮೇಲೆ ಬಿಸಿಲು ನೇರವಾಗಿ ಬೀಳದಂತೆ ಮುಂಚಾಚುಗಳಿರುವುವು. ಯಂತ್ರಗಳನ್ನು ಬಿಟ್ಟುದರಿಂದಲೇ ಕಟ್ಟುವ ವೆಚ್ಚದಲ್ಲಿ 35 ಲಕ್ಷ ಡಾಲರು ಉಳಿಯಿತೆಂದು ಲೆಕ್ಕ ಹೇಳುವರು.

ಇಲ್ಲಿ ಒಂದು ವಿನೋದವುಂಟು. ಹುತ್ತವು ತನ್ನೊಳಗನ್ನು ಗಾಳಿಯಿಂದ ತಂಪಾಗಿಟ್ಟುಕೊಳ್ಳುವುದೆಂದು ಪಿಯರ್ಸರ ಕಾಲದ ವಿಜ್ಞಾನಿಗಳು ನಂಬಿದ್ದರು. ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಎಂಬ ಸಂಶೋಧಕರು 2008ರಲ್ಲಿ ಅದು ಹಾಗಲ್ಲವೆಂದು ತೋರಿಸಿದರು. ಗೂಡಿನ ಕಾವು ಸುತ್ತಲಿನ ಮಣ್ಣಿನ ಕಾವನ್ನೇ ಅನುಸರಿಸುವುದು, ಹುತ್ತವು ಶ್ವಾಸಕೋಶದಂತೆ ಉಸಿರಾಡಲಿಕ್ಕಾಗಿ ಇರುವುದು. ಗುರುವಿನ ಪಾಠ ತಪ್ಪಾಗಿದ್ದರೂ ಶಿಷ್ಯನ ಲೆಕ್ಕ ಸರಿಯಾಗಿದ್ದಿತು!

ಪಿಯರ್ಸರಿಗೆ 2003ರಲ್ಲಿ ನೆದರ್ಲೆಂಡ್ಸಿನ ಪ್ರಿನ್ಸ್ ಕ್ಲೌಸ್ ಪ್ರಶಸ್ತಿ ಬಂದಿತು. ಭವನ ಎದ್ದು ಏಳು ವರ್ಷಗಳಾದ ಮೇಲೆ, ಎಂಬುದನ್ನು ವಾಚಕರು ಗಮನಿಸಬೇಕು. ನಮಗೆ ಮೆಚ್ಚಿಕೆಯಾದುದು ಇದೇ. ಏಳು ಬೇಸಗೆಗಳನ್ನು ಕಂಡ ಕಟ್ಟಡವು ತನ್ನ ಸಾಕ್ಷಿಯನ್ನು ತಾನೇ ಹೇಳಬಲ್ಲುದು. ಆದರೆ ಗಾಳಿಯ ಲೆಕ್ಕಗಳಲ್ಲಿ ದುಡಿದವರು ಆರಪ್ ಸಂಸ್ಥೆಯ ಇಂಜಿನಿಯರುಗಳು; ಇಂಥ ಹಾರವು ಅವರ ಮೇಜಿನವರೆಗೂ ಹೋಗುವುದು ನ್ಯಾಯ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂದು ನಮ್ಮವರು ಸುಮ್ಮನೆ ಹೇಳಿಲ್ಲ.

ದೂರ ಹೋಗಲೇಕೆ? ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಚೇರಿಯಿರುವುದು. ಅದನ್ನು ರಚಿಸಿದವರು ವಾಸ್ತುಶಿಲ್ಪಿ ಸಂಜಯ ಮೋಹೆ. ನಿವೇಶನದ ಪಕ್ಕದಲ್ಲಿ ದುರ್ಗಂಧದ ಮೋರಿ. ಬೀಸುವ ಗಾಳಿಯೆಲ್ಲ ಅದರ ಮೇಲಿಂದಲೇ ಬರುವುದು. ಮತ್ತೊಬ್ಬರಾಗಿದ್ದರೆ ಕಿಟಕಿಗಳನ್ನು ಮುಚ್ಚಿ ಯಂತ್ರವಿಡುತ್ತಿದ್ದರು. ಇವರು ದಕ್ಷಿಣದ ಗೋಡೆಯನ್ನು ಕಿಂಡಿಯಿಲ್ಲದಂತೆ ಮಾಡಿ, ಅದರ ಮೇಲೆ ಸಂದು ಬಿಟ್ಟು ಕರಿಯ ಕಡಪೆ ಕಲ್ಲನ್ನು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುವುದು; ಸಂದಿನ ಗಾಳಿ ಬಿಸಿಯಾಗಿ ಮೇಲೇರುವುದು; ಅದು ಏರುತ್ತ ಉತ್ತರದ ಕಡೆಯ ತಂಪು ಗಾಳಿಯನ್ನು ಒಳಕ್ಕೆ ಸೆಳೆಯುವುದು. ಬಿಸಿಲನ್ನೇ ಬೀಸಣಿಗೆಯನ್ನಾಗಿ ಮಾಡಿಕೊಂಡ ಜಾಣತನವಿದು.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ವಾಣಿಜ್ಯ ಕಟ್ಟಡಗಳಿಗೆ ಶಕ್ತಿಯ ಮಿತವ್ಯಯದ ಸಂಹಿತೆಯು 2007ರಲ್ಲಿ ಹೊರಟಿತು. 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರಗಳನ್ನು ಕೊಡುವ ಕ್ರಮವು ಆರಂಭವಾಯಿತು. ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ಟು ವೆಚ್ಚವಾಯಿತೆಂಬುದನ್ನು ನೋಡಿ ಅದನ್ನು ಕೊಡುವರು. ಕ್ರಮವು ಸರಿಯಾದುದೇ. ಆದರೆ ನಕ್ಷತ್ರವು ಕಟ್ಟಡಕ್ಕೆ ಸಲ್ಲುವುದು. ಅದನ್ನು ಗಳಿಸಿಕೊಟ್ಟವರ ಹೆಸರನ್ನು ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರೆ ತಪ್ಪೇನು? ನಕ್ಷೆ ಬರೆದವರ ಹೆಸರಿನ ಕೆಳಗೆ, ಸಂಜೆ ಹೊತ್ತಿಗೆ ಸರಿಯಾಗಿ ಕಿಟಕಿ ತೆರೆದು ಬೆಳಿಗ್ಗೆ ಮುಚ್ಚುವ ನೌಕರನ ಹೆಸರೂ ಇರಲಿ. ಅವನು ಒಂದು ವಾರ ಮರೆತರೆ ಲೆಕ್ಕವೆಲ್ಲ ನೀರುಪಾಲು.

ಆ ದಿನ ಊಟಕ್ಕೆ ಕುಳಿತಾಗ ಆ ಸಂಸ್ಥೆಯ ಕಾರ್ಯದರ್ಶಿಗಳಿಗೆ ನಾವೊಂದು ಸೂಚನೆಯಿತ್ತೆವು: ಸನ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲನ್ನು ಸಭೆಯಲ್ಲಿ ಓದಿಸಿ, ಆಮೇಲೆ ಹಾರ ಹಾಕಬಹುದಲ್ಲವೇ ಎಂದು. ಅವರು ನಕ್ಕು, "ಬಿಲ್ಲು ಕೇಳುವುದಕ್ಕೆ ಯಾರು ಬರುವರು, ಸ್ವಾಮಿ?" ಎಂದರು. ನಾವು ಬರುವೆವೆಂದು ಹೇಳಿ ಬಂದಿದ್ದೇವೆ. ಆ ಗುಮಾಸ್ತರೂ ಬರುವರೆಂದು ನಂಬಿರುವೆವು.