ಲೇಸರ್ ಹಾಕಿಸಿದರೂ ದೃಷ್ಟಿ ಹೆಚ್ಚಲಿಲ್ಲವೇಕೆ?

‘ಮೂರು ಸಲ ಲೇಸರ್ ಹಾಕಿಸಿದೆವು, ದೃಷ್ಟಿ ಒಂದಿಷ್ಟೂ ಸುಧಾರಿಸಲಿಲ್ಲ. ದುಡ್ಡು ದಂಡ.’ ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಈ ಮಾತನ್ನು ನೀವು ಕೇಳಿರಬಹುದು, ನೀವೇ ಆಡಿರಲೂಬಹುದು. ಹೀಗೆಂದುಕೊಂಡು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು, ಉಳಿಸಿಕೊಳ್ಳಬಹುದಾಗಿದ್ದ ಕಣ್ಣನ್ನು ಕಳೆದುಕೊಳ್ಳುವವರಿದ್ದಾರೆ.

ತೊಡಕಿರುವುದು ‘ಲೇಸರ್’ ಎಂಬ ಹೆಸರಿನಲ್ಲಿ. ಕಣ್ಣಿನ ವೈದ್ಯದಲ್ಲಿ ಈ ಒಂದೇ ಹೆಸರಿನಡಿ ಬೇರೆಬೇರೆ ಕೆಲಸಗಳು ನಡೆಯುತ್ತವೆ. ಪಕ್ಕದ ಮನೆಯ ಅಜ್ಜನಿಗೆ ಪೊರೆಯ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ಮತ್ತೆ ಮಂಜು ಕವಿಯಿತೆನ್ನಿ. ಅದು ಪೊರೆ ಮರಳಿ ಬಂದದ್ದಲ್ಲ. ಒಳಗಿಟ್ಟ ಕೃತಕ ಮಸೂರದ ಹಿಂದಿನ ತೆಳುಪದರ ಮಸುಕಾದದ್ದು. ಯಾಗ್ ಲೇಸರ್‌ನಿಂದ ಅದರಲ್ಲೊಂದು ಕಿಂಡಿ ತೆರೆದರೆ, ಕಣ್ಣಿನ ಉಳಿದ ಭಾಗ ಚೆನ್ನಾಗಿದ್ದಲ್ಲಿ, ಒಂದೆರಡು ದಿನದಲ್ಲೇ ಅಜ್ಜ ಪತ್ರಿಕೆ ಓದುತ್ತಾರೆ. ಕನ್ನಡಕ ಬೇಡವೆನ್ನುವ ತರುಣರ ಲಾಸಿಕ್ ಇನ್ನೊಂದು ಬಗೆ, ಅದು ಕಾರ್ನಿಯಾದ ಆಕಾರ ತಿದ್ದುವ ಕೆಲಸ. (ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಅದರ ತೊಂದರೆಗಳು, ಆ ಮಾತು ಇನ್ನೊಮ್ಮೆ.) ಇವನ್ನು ನೋಡಿದವರು ಸಕ್ಕರೆ ಕಾಯಿಲೆಯ ಲೇಸರ್‌ನಿಂದಲೂ ಅದೇ ಫಲ ನಿರೀಕ್ಷಿಸುತ್ತಾರೆ.

ಅಲ್ಲಿ ನಡೆಯುವುದೇ ಬೇರೆ. ವರ್ಷಗಟ್ಟಲೆ ಏರಿದ ಸಕ್ಕರೆಯಿಂದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ ಆಮ್ಲಜನಕ ಸಾಲದಾಗುತ್ತದೆ. ಆಗ ಹೊಸ ನಾಳಗಳು ಹುಟ್ಟುತ್ತವೆ. ಇವು ತೀರಾ ದುರ್ಬಲ. ಒಡೆದು ಕಣ್ಣೊಳಗೆ ರಕ್ತ ಸುರಿಸುತ್ತವೆ, ಕೆಲವೊಮ್ಮೆ ಅಕ್ಷಿಪಟಲವನ್ನೇ ಎಳೆದು ಕೀಳುತ್ತವೆ. ಲೇಸರ್ ಅಕ್ಷಿಪಟಲದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಚುಕ್ಕಿಗಳನ್ನು ಸುಟ್ಟು, ಆಮ್ಲಜನಕದ ಬೇಡಿಕೆ ತಗ್ಗಿಸಿ, ನಡುವಿನ ದೃಷ್ಟಿಯನ್ನು ಕಾಯುತ್ತದೆ. ಕಾಡ್ಗಿಚ್ಚು ಹರಡದಂತೆ ಮೊದಲೇ ಒಂದು ಪಟ್ಟಿ ಸುಟ್ಟಿಡುವುದಿಲ್ಲವೇ, ಹಾಗೆ. ಇದಕ್ಕೆ ಬೆಲೆಯೂ ಉಂಟು. ಪಕ್ಕದ ನೋಟ ಕೊಂಚ ಕುಗ್ಗಬಹುದು, ಕತ್ತಲೆಯಲ್ಲಿ ತಡವರಿಸಬೇಕಾಗಬಹುದು, ನಡುಭಾಗ ಊದಿಕೊಂಡು ಕೆಲ ವಾರ ಓದು ಮಂಜಾಗಬಹುದು.

ಮತ್ತೆ ಲಾಭವೇನು? ಅಮೆರಿಕದಲ್ಲಿ 1970ರ ದಶಕದಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಒಂದು ಕಣ್ಣಿಗೆ ಲೇಸರ್ ಅಥವಾ ಅಂಥದೇ ತೀಕ್ಷ್ಣ ಬೆಳಕಿನ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರು. ಚಿಕಿತ್ಸೆ ಪಡೆದ ಕಣ್ಣಿನಲ್ಲಿ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು. 1976ರಲ್ಲಿ ಯೋಜನೆಯನ್ನೇ ಬದಲಿಸಿ, ಬಿಟ್ಟಿದ್ದ ಕಣ್ಣಿಗೂ ಅಗತ್ಯವಿದ್ದಲ್ಲಿ ಚಿಕಿತ್ಸೆಗೆ ಅವಕಾಶ ಕೊಟ್ಟರು.

ತಪ್ಪು ರೋಗಿಯದಷ್ಟೇ ಅಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ‘ಇದರಿಂದ ದೃಷ್ಟಿ ಹೆಚ್ಚುವುದಿಲ್ಲ, ಇರುವುದು ಉಳಿಯುವ ಸಂಭವ ಹೆಚ್ಚು’ ಎಂದು ವೈದ್ಯರು ಕನ್ನಡದಲ್ಲಿ ಎರಡು ಮಾತು ಹೇಳಿದರೆ ಅರ್ಧ ಜಗಳ ತಪ್ಪುತ್ತದೆ. ಹೇಳದಿದ್ದರೆ ನೀವೇ ಕೇಳಿ: ಇದು ದೃಷ್ಟಿ ತರಿಸಲೋ, ಉಳಿಸಲೋ? ಎಷ್ಟು ಸಲ ಬರಬೇಕು?

ಈಗ ಕಣ್ಣೊಳಗೆ ಕೊಡುವ ಇಂಜೆಕ್ಷನ್‌ಗಳೂ ಇವೆ. ನಡುಭಾಗದ ಊತಕ್ಕೆ ಅವು ಒಳ್ಳೆಯವು, ದೃಷ್ಟಿ ಸುಧಾರಿಸುವುದೂ ಉಂಟು. ಆದರೆ ಮತ್ತೆ ಮತ್ತೆ ಹಾಕಿಸಬೇಕು. ಹೊಸ ನಾಳಗಳಿದ್ದು, ದೂರದ ಊರಿನಿಂದ ತಪ್ಪದೆ ಬರಲಾಗದವರಿಗೆ ಬರಿಯ ಇಂಜೆಕ್ಷನ್ ನಂಬುವುದಕ್ಕಿಂತ ಲೇಸರ್ ಲೇಸೆಂಬುದು ನನ್ನ ಅಭಿಪ್ರಾಯ. ನಡುವೆ ಬಿಟ್ಟುಹೋದವರಲ್ಲಿ ಲೇಸರ್ ಪಡೆದ ಕಣ್ಣುಗಳೇ ಹೆಚ್ಚು ಉಳಿದಿವೆ.

ಲೇಸರ್ ಆದ ಮೇಲೂ ಹಠಾತ್ತನೆ ಕಣ್ಣೆದುರು ಮಸಿ ತೇಲಿದಂತಾದರೆ, ಪರದೆ ಇಳಿದಂತಾದರೆ, ಚೀಟಿಯಲ್ಲಿ ಬರೆದ ದಿನಕ್ಕೆ ಕಾಯದೆ ಅಂದೇ ಹೋಗಿ. ಪೊರೆ ತೆಗೆಸಿದವರಿಗೆ ನೋವು, ಕೆಂಪು ಹೆಚ್ಚಿ ನೋಟ ಮಂದವಾದಾಗಲೂ ಅಷ್ಟೇ, ಅದು ಸೋಂಕಾಗಿರಬಹುದು. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲ ತೋರಿಸಬೇಕು. ಅಂದು ಜೊತೆಗೊಬ್ಬರನ್ನು ಕರೆದೊಯ್ಯಿರಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಸ್ಕೂಟರ್ ಓಡಿಸಲಾಗದು.