ಮಯೋಟ್: ಆಫ್ರಿಕಾದ ಮಗ್ಗುಲಲ್ಲೊಂದು ಫ್ರಾನ್ಸ್

ಫ್ರಾನ್ಸಿನಲ್ಲಿ ಇಂದಿಗೂ ನಮಾಝ್ ನಡೆಯುತ್ತಿರುವ ಅತ್ಯಂತ ಹಳೆಯ ಮಸೀದಿ ಯಾವುದು ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಪ್ಯಾರಿಸ್‌ನ ಮಸೀದಿಯನ್ನು ಹೆಸರಿಸಬಹುದು. ಆದರೆ ಅದು ಉದ್ಘಾಟನೆಯಾದದ್ದು 1926ರಲ್ಲಿ. ಅದಕ್ಕಿಂತ ಸುಮಾರು 400 ವರ್ಷ ಹಳೆಯದಾದ ಮಸೀದಿಯೊಂದು ಫ್ರಾನ್ಸಿನ ಆಡಳಿತಕ್ಕೆ ಸೇರಿದ ತ್ಸಿಂಗೋನಿ ಎಂಬ ಊರಲ್ಲಿದೆ. ಅದರ ಮಿಹ್ರಾಬಿನ ಮೇಲೆ ಹಿಜರಿ 944, ಅಂದರೆ ಕ್ರಿ.ಶ. 1538 ಎಂದು ಕೆತ್ತಲಾಗಿದೆ. ಆ ಊರು ಯುರೋಪಿನಲ್ಲಿಲ್ಲ. ಪ್ಯಾರಿಸ್‌ನಿಂದ ಸುಮಾರು 8 ಸಾವಿರ ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ಮಯೋಟ್ ಎಂಬ ದ್ವೀಪದಲ್ಲಿದೆ.

ಭೂಪಟವನ್ನು ಬಿಡಿಸಿ ನೋಡಿ. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಮೊಝಾಂಬಿಕ್ ಇದೆ. ಅದರೆದುರು ಮಡಗಾಸ್ಕರ್ ಎಂಬ ದೊಡ್ಡ ದ್ವೀಪ. ಇವೆರಡರ ನಡುವಿನ ಕಡಲಿನ ಉತ್ತರ ತುದಿಯಲ್ಲಿ ಸಾಲಾಗಿ ನಾಲ್ಕು ಚುಕ್ಕೆಗಳು ಕಾಣುತ್ತವೆ. ಗ್ರಾಂದ್ ಕೊಮೊರ್, ಮೊಹೇಲಿ, ಅಂಜುವಾನ್ ಮತ್ತು ಮಯೋಟ್. ಮೊದಲ ಮೂರು ಸೇರಿ ಕೊಮೊರೊಸ್ ಎಂಬ ಸ್ವತಂತ್ರ ರಾಷ್ಟ್ರ. ನಾಲ್ಕನೆಯದು ಫ್ರಾನ್ಸ್. ನಾಲ್ಕೂ ಕಡೆಯ ಜನರ ಧರ್ಮ ಒಂದೇ, ಭಾಷೆಗಳು ಅಕ್ಕತಂಗಿಯರಂತೆ, ಸಂಬಂಧಗಳು ಹೆಣೆದುಕೊಂಡಿವೆ. ಹಾಗಾದರೆ ಒಂದು ದ್ವೀಪ ಮಾತ್ರ ಬೇರೆ ಮನೆಗೆ ಹೋದದ್ದೇಕೆ? ಇದಕ್ಕೆ ಉತ್ತರ ಹುಡುಕಹೊರಟರೆ ನಾವು ಮಯೋಟ್‌ನ ಹೆಂಗಸರ ಬಳಿಗೇ ಹೋಗಬೇಕಾಗುತ್ತದೆ.

ಮೊದಲು ನೆಲದ ಪರಿಚಯವಾಗಲಿ. ಮಯೋಟ್‌ನ ವಿಸ್ತೀರ್ಣ ಸುಮಾರು 374 ಚದರ ಕಿ.ಮೀ. ಮಾತ್ರ. ಗ್ರಾಂದ್ ತೇರ್ ಅಂದರೆ ದೊಡ್ಡ ನೆಲ, ಪೆತಿತ್ ತೇರ್ ಅಂದರೆ ಚಿಕ್ಕ ನೆಲ. ಈ ಎರಡು ದ್ವೀಪಗಳಲ್ಲೇ ಬಹುತೇಕ ಎಲ್ಲರ ವಾಸ. ಮುಖ್ಯ ಪಟ್ಟಣ ಮಮೂದ್ಜು ದೊಡ್ಡದರಲ್ಲಿದೆ, ವಿಮಾನ ನಿಲ್ದಾಣ ಚಿಕ್ಕದರಲ್ಲಿದೆ. ನಡುವೆ ಸೇತುವೆಯಿಲ್ಲ. ಕಚೇರಿಗೆ ಹೋಗುವವರು, ಶಾಲೆಯ ಮಕ್ಕಳು, ವಾಹನಗಳು ಎಲ್ಲವೂ ದಿನವಿಡೀ ಫೆರಿಯಲ್ಲೇ ದಾಟಬೇಕು. ಜ್ವಾಲಾಮುಖಿಯಿಂದ ಹುಟ್ಟಿದ ಗುಡ್ಡಗಾಡು ನೆಲವಿದು. ಅತಿ ಎತ್ತರದ ಬೆನಾರಾ ಬೆಟ್ಟ 660 ಮೀಟರ್. ದ್ವೀಪದ ಸುತ್ತ ಹವಳದ ದಿಬ್ಬಗಳು ಗೋಡೆಯಂತೆ ನಿಂತು 1,100 ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ ಶಾಂತ ಕಡಲನ್ನು ಒಳಗೆ ಹಿಡಿದಿಟ್ಟಿವೆ. ಅಂದರೆ ನೆಲಕ್ಕಿಂತ ಅಂಗಳವೇ ದೊಡ್ಡದು! ಅಲ್ಲಿ ಕಡಲಾಮೆಗಳು ಹುಲ್ಲು ಮೇಯಲು ಬರುತ್ತವೆ.

ಈ ನೆಲ ಇನ್ನೂ ಪೂರ್ತಿ ತಣ್ಣಗಾಗಿಲ್ಲ. 2018ರ ಮೇ ತಿಂಗಳಲ್ಲಿ ಭೂಮಿ ಕಂಪಿಸತೊಡಗಿತು. ತಿಂಗಳುಗಟ್ಟಲೆ ನಿಲ್ಲಲಿಲ್ಲ. ಜನರು ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದರು. 2019ರಲ್ಲಿ ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ನೋಡಿದರೆ, ದ್ವೀಪದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಕಡಲ ತಳದಲ್ಲಿ 800 ಮೀಟರಿಗೂ ಎತ್ತರದ ಹೊಸ ಜ್ವಾಲಾಮುಖಿಯೊಂದು ಎದ್ದು ನಿಂತಿತ್ತು. ಮೊದಲು ಅದು ಅಲ್ಲಿರಲೇ ಇಲ್ಲ. ನೆಲದಡಿಯ ಲಾವಾ ಅತ್ತ ಹರಿದುಹೋದ್ದರಿಂದ ಇಡೀ ದ್ವೀಪ ಅಂಗೈಯಗಲದಷ್ಟು ಕೆಳಗೆ ಕುಸಿಯಿತು.

ಇಲ್ಲಿನ ಜನರಲ್ಲಿ ಸುಮಾರು ಶೇ. 95 ಮಂದಿ ಮುಸ್ಲಿಮರು. ಶಾಫಿಈ ಮದ್‌ಹಬ್‌ನವರು, ಅಂದರೆ ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅನುಸರಿಸುವ ಅದೇ ಮದ್‌ಹಬ್. ಇದು ಆಕಸ್ಮಿಕವಲ್ಲ. ಮುಂಗಾರು ಗಾಳಿಯನ್ನು ನಂಬಿ ಅರಬ್ಬಿ ಕಡಲಲ್ಲಿ ಓಡಾಡಿದ ವ್ಯಾಪಾರಿ ಹಡಗುಗಳು ಮುಟ್ಟಿದ ಅನೇಕ ದಡಗಳಲ್ಲಿ ಈ ಮದ್‌ಹಬ್ ನೆಲೆಯೂರಿತು. ಜನರಾಡುವ ಶಿಮಾವೊರೆ ಭಾಷೆ ಸ್ವಾಹಿಲಿಗೆ ಹತ್ತಿರದ್ದು. ಮಡಗಾಸ್ಕರ್ ಮೂಲದ ಕಿಬುಷಿ ಮಾತಾಡುವ ಹಳ್ಳಿಗಳೂ ಇವೆ. ಕಚೇರಿಯ ಭಾಷೆ ಮಾತ್ರ ಫ್ರೆಂಚ್.

ಮಹಿಳೆಯರ ಸ್ಥಾನದ ವಿಷಯ ಕೇಳಿದರೆ ನಿಮಗೆ ಅಚ್ಚರಿಯಾದೀತು. ಮನೆ ಹೆಣ್ಣಿನದು. ಹೆತ್ತವರು ಮಗಳಿಗಾಗಿ ಮನೆ ಕಟ್ಟಿಸುತ್ತಾರೆ, ಮದುವೆಯಾದ ಗಂಡು ಆ ಮನೆಗೆ ಬಂದು ಸೇರುತ್ತಾನೆ. ತಲಾಖ್ ಆದರೆ ಹೊರಗೆ ಹೋಗಬೇಕಾದವನು ಗಂಡನೇ. ಹೆಂಗಸರು ಕೂಡಿ ದುಡ್ಡು ಹಾಕಿ ಸರದಿಯಂತೆ ಎತ್ತುವ, ನಮ್ಮ ಚೀಟಿಯನ್ನೇ ಹೋಲುವ ವ್ಯವಸ್ಥೆಯೂ ಇದೆ. ಅದನ್ನು ಶಿಕೋವಾ ಎನ್ನುತ್ತಾರೆ. ಹವಳದ ಕಲ್ಲಿನ ಮೇಲೆ ಗಂಧ ತೇದು ಮುಖಕ್ಕೆ ಹಚ್ಚಿಕೊಂಡು ಅವರು ಪೇಟೆಗೂ ಹೋಗುತ್ತಾರೆ. ದೇಬಾ ಎಂಬ ಭಕ್ತಿಗೀತೆಗಳ ಕೂಟದಲ್ಲಿ ಸಾಲಾಗಿ ನಿಂತು ಹಾಡುವವರೂ ಹೆಂಗಸರೇ.

ಈಗ ಇತಿಹಾಸಕ್ಕೆ ಬರೋಣ. ನೆರೆಯ ದ್ವೀಪಗಳ ದಾಳಿಗೆ ಹೆದರಿದ್ದ ಸುಲ್ತಾನ ಅಂದ್ರಿಯಾನ್‌ತ್ಸೂಲಿ 1841ರಲ್ಲಿ ವರ್ಷಾಶನವೊಂದಕ್ಕೆ ಒಪ್ಪಿ ಮಯೋಟನ್ನು ಫ್ರಾನ್ಸಿಗೆ ಬರೆದುಕೊಟ್ಟ. ಮುಂದೆ ಉಳಿದ ಮೂರು ದ್ವೀಪಗಳೂ ಫ್ರೆಂಚರ ವಶವಾದವು. ಬಹುಕಾಲ ನಾಲ್ಕಕ್ಕೂ ಆಡಳಿತದ ಕೇಂದ್ರ ಪೆತಿತ್ ತೇರ್‌ನ ಝಾವುದ್ಜಿ. 1958ರಲ್ಲಿ ರಾಜಧಾನಿಯನ್ನು ಗ್ರಾಂದ್ ಕೊಮೊರ್‌ನ ಮೊರೋನಿಗೆ ಸಾಗಿಸುವ ತೀರ್ಮಾನವಾಯಿತು. 1960ರ ದಶಕದಲ್ಲಿ ಕಚೇರಿಗಳು ಒಂದೊಂದಾಗಿ ಹೊರಟವು. ಕಚೇರಿಯ ಜೊತೆಗೆ ನೌಕರಿ ಹೋಯಿತು, ನೌಕರಿಯ ಜೊತೆಗೆ ಗಂಡಂದಿರೂ ಹೋದರು. ಮನೆಯಲ್ಲಿ ಒಲೆ ಉರಿಸಬೇಕಾದ ಹೆಂಗಸರಿಗೆ ರಾಜಕೀಯ ಅರ್ಥವಾದದ್ದು ಹೀಗೆ.

ಅವರು ಕೈಗೆತ್ತಿಕೊಂಡ ಆಯುಧವಾದರೂ ಎಂಥದು! ಝೇನಾ ಎಂದೆರೆ ಎಂಬಾಕೆಯ ನೇತೃತ್ವದಲ್ಲಿ ಹೆಂಗಸರು ಗುಂಪುಗೂಡಿ, ಮೊರೋನಿಯಿಂದ ಬರುವ ಮಂತ್ರಿ ಅಧಿಕಾರಿಗಳನ್ನು ಸುತ್ತುವರಿದು ಕಚಗುಳಿ ಇಡುತ್ತಿದ್ದರು. ಆತ ನಕ್ಕೂ ನಕ್ಕೂ ಉಸಿರುಗಟ್ಟಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಹೆಂಗಸರ ಮೇಲೆ ಕೈಮಾಡಿದರೆ ಮಾನ ಹೋಯಿತು, ಸುಮ್ಮನಿದ್ದರೂ ಹೋಯಿತು. ಫ್ರೆಂಚರು ಇವರನ್ನು ಕಚಗುಳಿಯವರೆಂದೇ ಕರೆದರು, ಇತಿಹಾಸದಲ್ಲೂ ಅದೇ ಹೆಸರು ಉಳಿಯಿತು. ಆದರೆ ಇದನ್ನು ಬರೀ ನಗೆಯ ಕಥೆ ಎಂದುಕೊಳ್ಳಬೇಡಿ. 1969ರ ಘರ್ಷಣೆಯೊಂದರಲ್ಲಿ ಝಕಿಯಾ ಮಾದಿ ಎಂಬ ಯುವತಿ ಪ್ರಾಣ ಕಳೆದುಕೊಂಡಳು.

1974ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯದ ಪ್ರಶ್ನೆಯ ಮೇಲೆ ಜನಮತ ನಡೆಯಿತು. ನಾಲ್ಕೂ ದ್ವೀಪಗಳನ್ನು ಒಟ್ಟು ಸೇರಿಸಿದರೆ ಸುಮಾರು ಶೇ. 95 ಮಂದಿ ಸ್ವಾತಂತ್ರ್ಯ ಬೇಕೆಂದರು. ಮಯೋಟ್‌ನಲ್ಲಿ ಮಾತ್ರ ಶೇ. 60ಕ್ಕೂ ಹೆಚ್ಚು ಮಂದಿ ಬೇಡವೆಂದರು. 1975ರ ಜುಲೈ 6ರಂದು ಕೊಮೊರೊಸ್ ಸ್ವಾತಂತ್ರ್ಯ ಘೋಷಿಸಿತು. ಫ್ರಾನ್ಸ್ ಮಯೋಟ್‌ನಲ್ಲಿ ಪ್ರತ್ಯೇಕ ಜನಮತ ನಡೆಸಲು ಹೊರಟಿತು. 1976ರ ಫೆಬ್ರವರಿಯಲ್ಲಿ ಇದರ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಿರ್ಣಯ ಬಂದಾಗ ಫ್ರಾನ್ಸ್ ವೀಟೊ ಹಾಕಿತು. ಅದೇ ತಿಂಗಳು ನಡೆದ ಮತದಾನದಲ್ಲಿ ಮಯೋಟ್‌ನ ಶೇ. 99ಕ್ಕೂ ಹೆಚ್ಚು ಮತಗಳು ಫ್ರಾನ್ಸಿನ ಪರ ಬಿದ್ದವು. ಮಯೋಟ್ ತನ್ನದೆಂದು ಕೊಮೊರೊಸ್ ಈಗಲೂ ಹೇಳುತ್ತದೆ. ಒಂದು ವಸಾಹತನ್ನು ಬಿಡುವಾಗ ಅದನ್ನು ಹರಿದು ಒಂದು ತುಂಡನ್ನು ಇಟ್ಟುಕೊಳ್ಳುವುದು ನ್ಯಾಯವಲ್ಲ ಎಂಬ ವಾದದಲ್ಲಿ ತೂಕವಿದೆ. ಆದರೆ ಆ ತುಂಡಿನ ಜನರೇ ಮತ್ತೆ ಮತ್ತೆ ಅಲ್ಲೇ ಇರುತ್ತೇವೆ ಎಂದರೆ? ಸ್ವತಂತ್ರ ಕೊಮೊರೊಸ್‌ನಲ್ಲಿ ದಂಗೆಗಳ ಮೇಲೆ ದಂಗೆಗಳಾದವು. 1997ರಲ್ಲಿ ಅಂಜುವಾನ್ ದ್ವೀಪವೂ ನಮ್ಮನ್ನು ಮರಳಿ ಸೇರಿಸಿಕೊಳ್ಳಿ ಎಂದು ಫ್ರಾನ್ಸನ್ನು ಕೇಳಿತು. ಫ್ರಾನ್ಸ್ ಒಪ್ಪಲಿಲ್ಲ.

2009ರ ಜನಮತದಲ್ಲಿ ಶೇ. 95ರಷ್ಟು ಮತ ಪಡೆದು, 2011ರ ಮಾರ್ಚ್ 31ರಂದು ಮಯೋಟ್ ಫ್ರಾನ್ಸಿನ 101ನೇ ಜಿಲ್ಲೆಯಾಯಿತು. 2014ರಿಂದ ಯುರೋಪಿಯನ್ ಒಕ್ಕೂಟದ ಭಾಗವೂ ಹೌದು. ಸಂತೆಯಲ್ಲಿ ಬಾಳೆಹಣ್ಣು ಕೊಳ್ಳುವುದು ಯೂರೋ ನಾಣ್ಯದಲ್ಲಿ. ಪ್ಯಾರಿಸ್‌ನಿಂದ ನೇಮಕವಾದ ಪ್ರಿಫೆಕ್ಟ್ ಸರಕಾರದ ಪ್ರತಿನಿಧಿ. ಪೊಲೀಸು, ಗಡಿ, ವಾಸದ ಪರವಾನಗಿ ಎಲ್ಲವೂ ಆತನ ಕೈಯಲ್ಲಿ. ಜೊತೆಗೆ ಜನರು ಆರಿಸಿದ ಮಂಡಳಿ, 17 ಪುರಸಭೆಗಳು, ಪ್ಯಾರಿಸ್ ಸಂಸತ್ತಿನ ಕೆಳಮನೆಗೆ ಇಬ್ಬರು, ಮೇಲ್ಮನೆಗೆ ಇಬ್ಬರು.

ಜಿಲ್ಲೆಯಾಗಲು ತೆತ್ತ ಬೆಲೆ ಚಿಕ್ಕದಲ್ಲ. ಅಲ್ಲಿಯವರೆಗೆ ಮದುವೆ, ತಲಾಖ್, ಉತ್ತರಾಧಿಕಾರದ ತಕರಾರುಗಳನ್ನು ತೀರ್ಮಾನಿಸುತ್ತಿದ್ದವರು ಖಾಝಿಗಳು. ಇಮಾಮ್ ನವವಿಯವರ ಮಿನ್ಹಾಜ್ ಅವರ ಆಧಾರ ಗ್ರಂಥ. 2003ರ ಕಾನೂನು, 2005ರ ನಂತರ ಮದುವೆಯ ವಯಸ್ಸಿಗೆ ಬರುವವರಿಗೆ ಬಹುಪತ್ನಿತ್ವವನ್ನು ನಿಷೇಧಿಸಿತು. 2010ರಲ್ಲಿ ಖಾಝಿಗಳ ನ್ಯಾಯಾಧಿಕಾರವೇ ಹೋಯಿತು, ಹೆಣ್ಣಿನ ಮದುವೆಯ ವಯಸ್ಸು 15ರಿಂದ 18ಕ್ಕೇರಿತು. ತನ್ನ ಹೆಸರು, ತಂದೆಯ ಹೆಸರು ಇಷ್ಟರಲ್ಲೇ ಬದುಕಿದ್ದ ಜನರು ಕುಟುಂಬಕ್ಕೊಂದು ಖಾಯಂ ಅಡ್ಡಹೆಸರು ಆರಿಸಿಕೊಂಡು ದಾಖಲೆ ಮಾಡಿಸಬೇಕಾಯಿತು. ಖಾಝಿಗಳು ಈಗಲೂ ಇದ್ದಾರೆ. ಧರ್ಮ ಮತ್ತು ಸರಕಾರವನ್ನು ಬೇರ್ಪಡಿಸಿದ ಫ್ರಾನ್ಸಿನ 1905ರ ಪ್ರಸಿದ್ಧ ಕಾನೂನು ಮಯೋಟ್‌ಗೆ ಅನ್ವಯಿಸುವುದಿಲ್ಲ. ಹಾಗಾಗಿ ಸ್ಥಳೀಯ ಮಂಡಳಿಯೇ ಅವರಿಗೆ ಸಂಬಳ ಕೊಡುತ್ತದೆ. ಜಗಳವಾದ ಗಂಡಹೆಂಡಿರನ್ನು ಕೂರಿಸಿ ಮಾತಾಡಿಸುವುದು, ನೆರೆಹೊರೆಯ ವ್ಯಾಜ್ಯ ಬಿಡಿಸುವುದು ಇವರ ಕೆಲಸ. ತೀರ್ಪು ಕೊಡುವ ಹಕ್ಕು ಮಾತ್ರ ಇಲ್ಲ.

ಹೊಟ್ಟೆಪಾಡಿನ ಕಥೆ ಏನು? ಒಂದು ಕಾಲಕ್ಕೆ ಕಬ್ಬು, ಆಮೇಲೆ ವೆನಿಲ್ಲಾ ಮತ್ತು ಯ್ಲಾಂಗ್ ಯ್ಲಾಂಗ್ ಹೂ. ಇದು ನಮ್ಮ ಮನೋರಂಜಿತ ಹೂವಿನ ಬಳಗಕ್ಕೆ ಸೇರಿದ್ದು. ಮುಂಜಾನೆ ಕೊಯ್ದು, ಹಂಡೆಯಲ್ಲಿ ಬಟ್ಟಿ ಇಳಿಸಿ ತೆಗೆದ ಎಣ್ಣೆ ಪ್ಯಾರಿಸ್‌ನ ಅತ್ತರುಗಳಿಗೆ ಹೋಗುತ್ತಿತ್ತು. ಕೂಲಿ ದುಬಾರಿಯಾದಂತೆ ಈ ಕಸುಬು ಹೆಚ್ಚುಕಡಿಮೆ ಮುಗಿದೇಹೋಯಿತು. ಈಗ ದ್ವೀಪ ನಡೆಯುವುದು ಸರಕಾರಿ ಸಂಬಳ ಮತ್ತು ಹಡಗಿನಲ್ಲಿ ಬರುವ ಸರಕಿನಿಂದ. ಅಕ್ಕಿಯೂ ಹಡಗಿನಲ್ಲಿ ಬರಬೇಕು. ಬಡವರ ಮಾಂಸವೆಂದರೆ ಮಬಾವಾ, ಅಂದರೆ ಮಂಜುಗಟ್ಟಿಸಿ ತಂದ ಕೋಳಿ ರೆಕ್ಕೆ. ಸರಕಾರಿ ನೌಕರನಿಗೆ ಸಂಬಳದ ಮೇಲೆ ಶೇ. 40ರಷ್ಟು ಹೆಚ್ಚುವರಿ ಭತ್ಯೆ ಸಿಗುತ್ತದೆ. ಆದರೆ ಸಾಮಾನ್ಯ ಕಾರ್ಮಿಕನ ಕನಿಷ್ಠ ವೇತನ ಫ್ರಾನ್ಸಿನ ಉಳಿದೆಡೆಗಿಂತ ಕಡಿಮೆ. ಅದನ್ನು 2031ರೊಳಗೆ ಸಮನಾಗಿಸುವುದಾಗಿ ಈಗ ಮಾತು ಕೊಡಲಾಗಿದೆ. 2018ರ ಲೆಕ್ಕದಂತೆ ಫ್ರಾನ್ಸಿನ ಬಡತನದ ರೇಖೆಗಿಂತ ಕೆಳಗಿದ್ದವರು ಶೇ. 77. ಹತ್ತರಲ್ಲಿ ನಾಲ್ಕು ಮನೆಗಳು ತಗಡಿನವು. 2023ರ ಬರದಲ್ಲಿ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ. ಯುರೋಪಿಯನ್ ಒಕ್ಕೂಟದೊಳಗೆ!

ಆದರೂ ನೆರೆಯ ಅಂಜುವಾನ್‌ನ ಬಡವರಿಗೆ ಇದೇ ಸಿರಿವಂತರ ನಾಡು. ಇಲ್ಲಿ ಆಸ್ಪತ್ರೆಯಿದೆ, ಶಾಲೆಯಿದೆ. ಎರಡರ ನಡುವಿನ ಅಂತರ ಸುಮಾರು 70 ಕಿ.ಮೀ. 1995ರವರೆಗೆ ವೀಸಾ ಬೇಕಿರಲಿಲ್ಲ. ಮದುವೆಗೆ, ಮಯ್ಯತ್ತಿಗೆ, ಮಾರಾಟಕ್ಕೆ ಜನರು ಹೋಗಿ ಬರುತ್ತಿದ್ದರು. ಆ ವರ್ಷ ಫ್ರಾನ್ಸ್ ವೀಸಾ ಕಡ್ಡಾಯ ಮಾಡಿತು. ಅಂದಿನಿಂದ ಜನರು ರಾತ್ರಿಯಲ್ಲಿ ಕ್ವಾಸಾ ಎಂಬ ಚಿಕ್ಕ ಮೀನುಗಾರಿಕೆ ದೋಣಿಗಳಲ್ಲಿ ಅಡಗಿ ಬರತೊಡಗಿದರು. ತುಂಬು ಗರ್ಭಿಣಿಯರು, ಕಾಯಿಲೆಯವರು, ಕಂಕುಳಲ್ಲಿ ಮಗು ಹೊತ್ತವರು. 1995ರಿಂದ 2012ರವರೆಗೆ ಈ ಕಡಲಲ್ಲಿ ಮುಳುಗಿ ಸತ್ತವರು 7 ಸಾವಿರದಿಂದ 10 ಸಾವಿರ ಇರಬಹುದೆಂದು ಫ್ರಾನ್ಸಿನ ಸೆನೆಟ್ ವರದಿಯೇ ಅಂದಾಜಿಸಿದೆ. ಬಂದು ತಲುಪಿದವರಲ್ಲಿ ವರ್ಷಕ್ಕೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ತಾಯಿಯನ್ನು ಕಳುಹಿಸಿ ಮಕ್ಕಳು ಇಲ್ಲೇ ನೆರೆಮನೆಯವರ ಜೊತೆ ಉಳಿದದ್ದೂ ಇದೆ.

ಮಯೋಟ್‌ನ ಮೂಲ ನಿವಾಸಿಗಳ ಸಂಕಟವನ್ನೂ ಅಲ್ಲಗಳೆಯಲಾಗದು. 1958ರಲ್ಲಿ 23 ಸಾವಿರವಿದ್ದ ಜನಸಂಖ್ಯೆ 2024ರಲ್ಲಿ 3 ಲಕ್ಷ 20 ಸಾವಿರ ದಾಟಿತೆಂಬ ಅಂದಾಜಿದೆ. ಅರ್ಧದಷ್ಟು ಮಂದಿ ವಿದೇಶಿ ಪ್ರಜೆಗಳು. ಮಮೂದ್ಜು ಆಸ್ಪತ್ರೆಯ ಹೆರಿಗೆ ವಿಭಾಗ ಇಡೀ ಫ್ರಾನ್ಸಿನಲ್ಲೇ ದೊಡ್ಡದು. ದ್ವೀಪದಲ್ಲಿ 2022ರ ಒಂದೇ ವರ್ಷದಲ್ಲಿ 10 ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ಶಾಲೆಗಳು ಸಾಲದೆ ಒಂದೇ ಕೋಣೆಯಲ್ಲಿ ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು ತಂಡ. ಅದರ ಮೇಲೆ, ಇಲ್ಲಿ ಕೊಡುವ ವಾಸದ ಪರವಾನಗಿ ಇಲ್ಲಿಗೆ ಮಾತ್ರ ಸಲ್ಲುತ್ತದೆ, ಅದನ್ನು ಹಿಡಿದು ಫ್ರಾನ್ಸಿನ ಬೇರೆಡೆಗೆ ಹೋಗುವಂತಿಲ್ಲ. ಹೊರೆಯೆಲ್ಲ ನಮ್ಮ ತಲೆಯ ಮೇಲೇಕೆ ಎಂದು 2024ರ ಆರಂಭದಲ್ಲಿ ಜನರು ವಾರಗಟ್ಟಲೆ ರಸ್ತೆ ತಡೆ ನಡೆಸಿದಾಗ ಮುಂದೆ ನಿಂತವರಲ್ಲಿ ಬಹಳ ಮಂದಿ ಹೆಂಗಸರೇ. ಕಚಗುಳಿಯವರ ಮಕ್ಕಳು, ಮೊಮ್ಮಕ್ಕಳು. ಆದರೆ ಈ ಸಲ ಅವರ ಸಿಟ್ಟು ದೋಣಿಯಲ್ಲಿ ಬಂದ, ತಮ್ಮಂತೆಯೇ ನಮಾಝ್ ಮಾಡುವ, ತಮ್ಮ ಭಾಷೆಗೆ ಹತ್ತಿರದ ಭಾಷೆಯಾಡುವ ಇನ್ನೊಬ್ಬ ತಾಯಿಯ ಮೇಲೂ ಬಿತ್ತು. ಪರವಾನಗಿಯ ನಿಯಮ ಮಾಡಿದ ಪ್ಯಾರಿಸ್ ಬಹಳ ದೂರದಲ್ಲಿದೆಯಲ್ಲ.

ಅದೇ ವರ್ಷ ಡಿಸೆಂಬರ್ 14ರಂದು ಚೀಡೋ ಚಂಡಮಾರುತ ಬಂತು. ಗಾಳಿಯ ವೇಗ ಗಂಟೆಗೆ 220 ಕಿ.ಮೀ. ದಾಟಿತ್ತು. ಅಂಥದ್ದು 90 ವರ್ಷಗಳಲ್ಲಿ ಬಂದಿರಲಿಲ್ಲ. ಗುಡ್ಡದ ಇಳಿಜಾರಿನ ತಗಡಿನ ಮನೆಗಳು ಕೆಲವೇ ಗಂಟೆಗಳಲ್ಲಿ ಇಲ್ಲವಾದವು. ಶಾಲೆಗಳಲ್ಲಿ ಆಶ್ರಯ ತೆರೆದಿತ್ತು. ಆದರೆ ಕಾಗದಪತ್ರವಿಲ್ಲದ ಅನೇಕರು, ಹೋದರೆ ಹಿಡಿದು ಗಡೀಪಾರು ಮಾಡುತ್ತಾರೆಂಬ ಭಯದಿಂದ ಅತ್ತ ಸುಳಿಯಲೇ ಇಲ್ಲ. ಅಧಿಕೃತವಾಗಿ ಸತ್ತವರು 40, ಕಾಣೆಯಾದವರು 41. ಮಯ್ಯತ್ತನ್ನು ಒಂದು ದಿನದೊಳಗೆ ದಫನ ಮಾಡುವ ಪದ್ಧತಿಯಿರುವುದರಿಂದ ನಿಖರ ಲೆಕ್ಕ ಸಿಗುವುದು ಕಷ್ಟವೆಂದು ಅಧಿಕಾರಿಗಳೇ ಹೇಳಿದರು.

2025ರ ಆಗಸ್ಟ್‌ನಲ್ಲಿ ಮಯೋಟ್‌ನ ಪುನರ್ನಿರ್ಮಾಣಕ್ಕೆಂದೇ ಕಾನೂನು ಬಂತು. 2031ರವರೆಗೆ ಸುಮಾರು 400 ಕೋಟಿ ಯೂರೋ ವೆಚ್ಚದ ಯೋಜನೆಯಿದು. ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ಇನ್ನೊಂದು ಕಾನೂನು ಬಂದಿತ್ತು. ಮಯೋಟ್‌ನಲ್ಲಿ ಹುಟ್ಟಿದ ವಿದೇಶಿಯರ ಮಗುವಿಗೆ ಮುಂದೆ ಫ್ರೆಂಚ್ ಪೌರತ್ವ ಸಿಗಬೇಕಾದರೆ, ಅದು ಹುಟ್ಟುವಾಗ ತಂದೆತಾಯಿ ಇಬ್ಬರೂ ಕನಿಷ್ಠ ಒಂದು ವರ್ಷದಿಂದ ಕಾನೂನುಬದ್ಧವಾಗಿ ವಾಸವಿರಬೇಕು. ಫ್ರಾನ್ಸಿನ ಬೇರೆ ಯಾವ ಜಿಲ್ಲೆಯಲ್ಲೂ ಈ ಷರತ್ತು ಇಲ್ಲ.

ಸರಕಾರದ ಹಣ ಬರುವುದಕ್ಕೆ ಬಹಳ ಮೊದಲೇ, ಚಂಡಮಾರುತ ಕಳೆದು ಕೆಲವೇ ವಾರಗಳಲ್ಲಿ, ಗುಡ್ಡದ ಮೇಲಿನ ಜನರು ಹಾರಿಹೋದ ಅದೇ ತಗಡುಗಳನ್ನು ಹೆಕ್ಕಿ ತಂದು, ಬಡಿದು ನೇರ ಮಾಡಿ, ಅದೇ ಜಾಗದಲ್ಲಿ ಮತ್ತೆ ಗೋಡೆ ಎಬ್ಬಿಸಿದ್ದರು.